ಎಲ್ಲರಿಗೂ ಒಂದೊಂದು ಪ್ರತಿ

ಸುಂಕದಕಟ್ಟೆಯ ಗೂಳಪ್ಪನವರು ಐವತ್ತು ದಾಟಿದ ಮೇಲೆ ವಿಜಯನಗರವನ್ನು ಪ್ರವೇಶಿಸಿದರು. ಆನೆ, ಕುದುರೆ, ಭೇರಿ ಯಾವುದೂ ಇರಲಿಲ್ಲ. ಮಾಗಡಿ ರಸ್ತೆಯ ತುಂಬಿದ ಬಸ್ಸಿನ ಫುಟ್‌ಬೋರ್ಡಿನಿಂದ ಇಳಿದು, ಇಸ್ತ್ರಿ ಕೆಟ್ಟ ಅಂಗಿಯನ್ನು ಎರಡು ಕೈಯಿಂದ ತೀಡಿಕೊಂಡು, ಬೇಕರಿಯ ಮೇಲಿನ ಮಹಡಿಯನ್ನು ದಿಟ್ಟಿಸಿದರು. ಹಿಂದಿನ ಕಾಲದ ಅರಸರ ಆಸ್ಥಾನಗಳಲ್ಲಿ ರಾಯಸದವರು ಅಂತ ಇರುತ್ತಿದ್ದರಲ್ಲ, ರಾಜನ ಪರವಾಗಿ ಪತ್ರ ಬರೆಯುವವರು, ಆ ಹುದ್ದೆಯನ್ನು ವಹಿಸಿಕೊಳ್ಳಲು ಅವರು ಬಂದಿದ್ದರು. ರಾಜನ ಹೆಸರು ವೆಂಕಟಗಿರಿ. ಅರಮನೆಯ ಬೋರ್ಡಿನ ಮೇಲೆ ‘ವೆಂಕಟಗಿರಿ ಮಾತುಗಾರಿಕೆ ಕೋಚಿಂಗ್’ ಎಂದಿತ್ತು. ಮೆಟ್ಟಿಲ ತುಂಬ ದಿಲ್‌ಪಸಂದಿನ ವಾಸನೆ.

ಅದಕ್ಕೆ ಮೊದಲು ಗೂಳಪ್ಪನವರು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ನೀರಿನ ಪಂಪು ಮಾಡುವ ಒಂದು ಕಾರ್ಖಾನೆಯ ಪತ್ರವ್ಯವಹಾರ ವಿಭಾಗದಲ್ಲಿದ್ದವರು. ಒಬ್ಬರೇ ಇದ್ದರು, ಆದರೂ ಅದು ವಿಭಾಗ. ಕಳಪೆ ಮಾಲು ಕಳಿಸಿದ ಊರಾಚೆಯ ವರ್ತಕರಿಗೆ ಅವರು ಎಂಥ ವಿನಯದಲ್ಲಿ ಬೈಯುತ್ತಿದ್ದರೆಂದರೆ, ಆ ವರ್ತಕರು ಮೊದಲು ಧನ್ಯವಾದ ಬರೆದು ಕಳಿಸಿ, ಆಮೇಲೆ ನಿಧಾನವಾಗಿ ಸಿಟ್ಟಾಗುತ್ತಿದ್ದರು. ಕಾರ್ಖಾನೆ ಮುಚ್ಚಿತು. ಗೂಳಪ್ಪ ಮನೆಗೆ ಬಂದರು, ಅವರ ಶೈಲಿಯೂ ಜೊತೆಗೇ ಬಂತು. ಅದರ ಭಾರ ಹೊತ್ತವರು ಹೆಂಡತಿ ಅಣ್ಣಮ್ಮ.

“ಹುಳಿಗೆ ಉಪ್ಪು ಕಮ್ಮಿ ಇರೋದನ್ನ ತಮ್ಮ ಗಮನಕ್ಕೆ ತರಲು ವಿಷಾದಿಸ್ತೀನಿ ಅಂತಾರೆ ಕಣೇ,” ಎಂದು ಆಕೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು. “ಉಪ್ಪು ಹಾಕು ಅನ್ನಕ್ಕೆ ಇವ್ರಿಗೇನು ರೋಗ?”

ಹೀಗಾಗಿ ವೆಂಕಟಗಿರಿ ಒಬ್ಬ ‘ಮೇಲ್ ಬರೆಯುವವರನ್ನು’ ಹುಡುಕುತ್ತಿದ್ದಾನೆ ಎಂದು ತಿಳಿದ ದಿನ ಅಣ್ಣಮ್ಮ ಗಂಡನ ಅಂಗಿಯನ್ನು ತಾವೇ ಗಂಜಿ ಹಾಕಿ ಒಣಗಿಸಿದರು.

ವೆಂಕಟಗಿರಿ ಮೂವತ್ತೈದರ ಆಸುಪಾಸಿನವನು. ಬೆಳಗ್ಗೆಯಿಂದ ಸಂಜೆಯವರೆಗೂ ಟೈ ಬಿಚ್ಚುತ್ತಿರಲಿಲ್ಲ. ಸಭೆಯಲ್ಲಿ ಮಾತಾಡಲು ನಡುಗುವವರು, ಇಂಟರ್‌ವ್ಯೂನಲ್ಲಿ ಬೆವರುವವರು, ಮದುವೆಯ ಮಂಟಪದಲ್ಲಿ ಮೈಕು ಕಂಡರೆ ಅಡುಗೆ ಮನೆಗೆ ಓಡುವವರು, ಎಲ್ಲರನ್ನೂ ಅವನು ಮಾತಿನ ಮಲ್ಲರನ್ನಾಗಿ ಮಾಡಿ ಕಳಿಸುತ್ತಿದ್ದ. ಅವರನ್ನು ವಿದ್ಯಾರ್ಥಿಗಳು ಎನ್ನುವಂತಿರಲಿಲ್ಲ, ಕ್ಲೈಂಟುಗಳು ಎನ್ನಬೇಕು. ವಿದ್ಯಾರ್ಥಿಗೆ ಬೆಂಚು, ಬೋರ್ಡು, ಮೇಷ್ಟ್ರು ಎಲ್ಲ ಬೇಕು. ಕ್ಲೈಂಟಿಗಾದರೆ ಪ್ಲಾಸ್ಟಿಕ್ ಕುರ್ಚಿ ಸಾಕು. ಶನಿವಾರದ ಕ್ಲಾಸಿಗೂ ಮುಂದಿನ ಶನಿವಾರದ ಕ್ಲಾಸಿಗೂ ನಡುವೆ ಕ್ಲೈಂಟಿನ ಧೈರ್ಯ ಸೋರಿಹೋಗುತ್ತದೆ, ಅದನ್ನು ಈಮೇಲಿನಿಂದ ತಡೆಯಬೇಕು ಎಂದು ಅವನು ಯಾವುದೋ ಹೋಟೆಲಿನ ಶಿಬಿರದಲ್ಲಿ ಕಲಿತು ಬಂದಿದ್ದ. ಕಲಿತದ್ದನ್ನು ಬರೆಯಲು ಮಾತ್ರ ಬರುತ್ತಿರಲಿಲ್ಲ.

ಗೂಳಪ್ಪನವರ ಮೊದಲ ಮೇಲು ಕ್ಲಾಸು ತಪ್ಪಿಸಿದ ಒಬ್ಬ ವಿಮಾ ಏಜೆಂಟನಿಗೆ ಹೋಯಿತು. ವಿಷಯ: ಗೈರುಹಾಜರಿ, ವಿವರಣೆ ಕೋರಿ. ಉಲ್ಲೇಖ: ಇಲ್ಲ. ‘ತಾವು ಕಳೆದ ಶನಿವಾರ ಪೂರ್ವಾನುಮತಿ ಇಲ್ಲದೆ ಗೈರಾಗಿರುವುದು ಕಂಡುಬಂದಿದ್ದು...’ ಏಜೆಂಟ್ ಮತ್ತೆ ಆ ಬೀದಿಯಲ್ಲೇ ಕಾಣಿಸಲಿಲ್ಲ.

ವೆಂಕಟಗಿರಿ ತಲೆಯ ಮೇಲೆ ಕೈ ಇಟ್ಟುಕೊಂಡ. “ಗೂಳಪ್ಪ ಸಾರ್, ಇದು ಮೆಮೋ ಕಣ್ ಸಾರ್! ಅವ್ನಿಗೆ ಕೆಲ್ಸ ಹೋಯ್ತು ಅನ್ಸಿರುತ್ತೆ.”

“ಮತ್ತೆ ಹೆಂಗೆ ಬರೀಬೇಕು? ಬಾರಪ್ಪ ಕಂದ ಅಂತನಾ?”

“ಅದೂ ಅಲ್ಲ. ಪ್ರೊಫೆಷನಲ್ ಆಗಿರ್ಬೇಕು, ಆದ್ರೆ ನಮ್ಮೋರು ಅನ್ಸ್ಬೇಕು. ಈಗ ನೋಡಿ, ಟೈ ಕಟ್ಕೊಂಡೇ ಪಂಕ್ತಿಲಿ ಕೂತಿದೀವಿ. ಪಕ್ಕದೋರ ಎಲೆ ನೋಡಿ, ಇನ್ನೊಂಚೂರು ಹಾಕಿಸ್ಕೊಳಿ ಸಾರ್ ಅಂತೀವಿ. ಟೈ ಸಾರಿಗೆ ಬೀಳ್ಬಾರ್ದು. ಅಷ್ಟೆ.”

ಗೂಳಪ್ಪ ಈ ಉಪದೇಶವನ್ನು ಬಸ್ಸಿನಲ್ಲಿ ಮೆಲುಕು ಹಾಕುತ್ತಾ ಸುಂಕದಕಟ್ಟೆ ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದರು. ಆದರೆ ಅರ್ಥವಾಗಿತ್ತು. ಮಾರನೆಯ ದಿನದಿಂದ ಅವರು ಕೀಲಿಮಣೆಯ ಮುಂದೆ ಕೂತು ಮೊದಲು ಕಣ್ಣು ಮುಚ್ಚುತ್ತಿದ್ದರು. ಯಾರಿಗೆ ಬರೆಯಬೇಕೋ ಅವರು ಎದುರಿಗೆ ನಿಂತಿದ್ದಾರೆ, ಕೈಯಲ್ಲಿ ಚೀಲವಿದೆ, ಮನೆಗೆ ಹೊರಟಿದ್ದಾರೆ ಎಂದು ಊಹಿಸಿಕೊಳ್ಳುತ್ತಿದ್ದರು. ಆಮೇಲೆ ಅವರೊಬ್ಬರನ್ನೇ ಕೇಳಬಹುದಾದ ಒಂದು ಮಾತಿನಿಂದ ಕಾಗದ ಶುರುವಾಗುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ಕಾಲ; ಆ ಅಕ್ಷರಗಳೊಳಗೂ ಅವರು ಬೆಚ್ಚಗೆ ಕೂರುವುದನ್ನು ಕಲಿತರು. ‘ಶನಿವಾರ ನೀವು ಕೊನೆಯ ಸಾಲಿನಿಂದ ಎರಡನೆಯ ಸಾಲಿಗೆ ಬಂದು ಕೂತಿರಿ. ಯಾರೂ ನೋಡಲಿಲ್ಲ ಅಂದುಕೊಂಡಿರಿ, ನಾನು ನೋಡಿದೆ. ಮುಂದಿನ ವಾರ ಎರಡು ನಿಮಿಷದ ಭಾಷಣವಿದೆ, ವಿಷಯ ನಿಮ್ಮ ಆಯ್ಕೆ. ಅಂದಹಾಗೆ ನಿಮ್ಮ ಸ್ಕೂಟರ್ ರಿಪೇರಿ ಆಯಿತೇ?’

ಉತ್ತರಗಳು ಸುರಿದವು. ಭಾಷಣದ ಬಗ್ಗೆ ಒಂದು ಸಾಲು, ಸ್ಕೂಟರಿನ ಬಗ್ಗೆ ಒಂದು ಪುಟ. ಒಬ್ಬರು ತಮ್ಮ ಮಗಳ ಜಾತಕವನ್ನೇ ಲಗತ್ತಿಸಿದ್ದರು. ಗೂಳಪ್ಪನವರ ಕೀರ್ತಿ ಹಂಪಿನಗರ, ಬಸವೇಶ್ವರನಗರ ದಾಟಿ ಕೆಂಗೇರಿಯವರೆಗೂ ಹಬ್ಬಿತು. ಹಬ್ಬಿದ್ದನ್ನು ಅವರು ಅಣ್ಣಮ್ಮನಿಗೆ ವರದಿ ಒಪ್ಪಿಸಿದರು.

“ಊರೋರ ಸ್ಕೂಟ್ರು ಹೆಂಗಿದೆ ಅಂತ ಕೇಳ್ತೀರಿ,” ಅಂದರು ಅಣ್ಣಮ್ಮ. “ನನ್ನ ಮಂಡಿ ಹೆಂಗಿದೆ ಅಂತ ಒಂದಿನ ಕೇಳಿದೀರಾ?”

“ನಿಂಗೆ ಈಮೇಲ್ ಐಡಿ ಇಲ್ವಲ್ಲ.”

ಅವತ್ತು ಹುಳಿಗೆ ಉಪ್ಪು ಬೀಳಲೇ ಇಲ್ಲ.

ದಾನಮ್ಮ ಬಂದದ್ದು ಈ ವೈಭವದ ನಟ್ಟನಡುವೆ. ಬಾಗಲಕೋಟೆ ಕಡೆಯ ಹೆಂಗಸು, ಶ್ರೀಗಂಧದ ಕಾವಲಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಶನಿವಾರದ ಗುಂಪಿಗೆ ಬರಲು ಒಪ್ಪಲಿಲ್ಲ. ಆ ಗುಂಪಿನಲ್ಲಿ ಅವರದೇ ಶಾಲೆಯ ಶಿಲ್ಪಾ ಎಂಬ ಗಣಿತದ ಟೀಚರ್ ಇದ್ದಳು. ದಾನಮ್ಮ ವಾರದ ನಡುವೆ, ಒಬ್ಬರೇ, ಸೆರಗು ಹೊದ್ದು ಮೆಟ್ಟಿಲು ಹತ್ತಿ ಬಂದು, ವೆಂಕಟಗಿರಿಯ ಹತ್ತಿರ ಅರ್ಧ ಗಂಟೆ ಕಲಿತು ಹೋಗುತ್ತಿದ್ದರು. ಉಳಿದದ್ದೆಲ್ಲ ಗೂಳಪ್ಪನವರ ಈಮೇಲಿನಲ್ಲಿ. ಏನು ತೊಂದರೆ ಎಂದು ವೆಂಕಟಗಿರಿ ಎಷ್ಟು ಕೇಳಿದರೂ “ಸ್ವಲ್ಪ ಧೈರ್ಯ ಕಮ್ಮಿ ಐತ್ರಿ” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಗೂಳಪ್ಪನವರಿಗೆ ಮಾತ್ರ ಒಂದು ದಿನ ಬರೆದರು. ತರಗತಿಯೊಳಗೆ ಅವರಿಗೆ ಯಾವ ತೊಂದರೆಯೂ ಇಲ್ಲ. ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆ ಸಾಲುಗಟ್ಟಿ ನಿಂತು, ಮೈಕಿನ ಮುಂದೆ ‘ಮಕ್ಕಳೇ’ ಅನ್ನಬೇಕೆನ್ನುವಾಗ ತುಟಿ ಅಂಟಿಕೊಳ್ಳುತ್ತದೆ. ಮ ಎಂಬ ಅಕ್ಷರ ಒಳಗೇ ಗುದ್ದಾಡುತ್ತದೆ, ಹೊರಗೆ ಬರುವುದಿಲ್ಲ. ಚಿಕ್ಕಂದಿನ ಉಗ್ಗು ಅದು. ಎಲ್ಲರೂ ಹೋಯಿತು ಅಂದುಕೊಂಡಿದ್ದರು, ಅದು ಹೋಗಿರಲಿಲ್ಲ. ಆಗ ಅವರು ಕೆಮ್ಮುತ್ತಾರೆ. ಕೆಮ್ಮಿ, ಪಕ್ಕದವರಿಗೆ ಸನ್ನೆ ಮಾಡಿ ಮೈಕು ಕೊಟ್ಟುಬಿಡುತ್ತಾರೆ. ಮೇಡಂಗೆ ಬೆಂಗಳೂರಿನ ಧೂಳು ಆಗಿಬರುವುದಿಲ್ಲ ಎಂದು ಶಾಲೆಯವರ ನಂಬಿಕೆ. ಮಕ್ಕಳು ಮನೆಯಿಂದ ತುಳಸಿ ತಂದುಕೊಡುತ್ತಾರೆ. ‘ನಮ್ಮ ಯಜಮಾನರಿಗೂ ಗೊತ್ತಿಲ್ಲರಿ ಸರ್. ನಿಮಗ ಯಾಕ ಹೇಳಾಕತ್ತೀನಿ ಅಂತ ನನಗಽ ಗೊತ್ತಿಲ್ಲ. ನೀವು ಕಾಗದ ಬರಿಯೋದು ನೋಡಿದ್ರ, ಈ ಮನುಷ್ಯಾಗ ಹೇಳಿದ್ರ ನಡಿತೈತಿ ಅನಸ್ತು.’

ಶಾಲೆಯಲ್ಲಿ ಸಹಮುಖ್ಯೋಪಾಧ್ಯಾಯಿನಿಯ ಹುದ್ದೆ ಖಾಲಿಯಾಗುವುದರಲ್ಲಿತ್ತು. ಆ ಹುದ್ದೆಯವರು ದಿನಾ ಬೆಳಗ್ಗೆ ಪ್ರಾರ್ಥನೆ ನಡೆಸಬೇಕು. ದಾನಮ್ಮನವರಿಗೆ ಅದು ಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಮೈಕು ಬೇಕಿತ್ತು.

ಗೂಳಪ್ಪ ಆ ಮೇಲನ್ನು ಓದಿ, ಯಾರೂ ಇಲ್ಲದಿದ್ದರೂ ಒಮ್ಮೆ ಹಿಂದೆ ತಿರುಗಿ ನೋಡಿದರು. ಇಷ್ಟು ವರ್ಷಗಳ ಪತ್ರವ್ಯವಹಾರದಲ್ಲಿ ಯಾರೂ ಅವರಿಗೆ ಹೀಗೊಂದನ್ನು ಬರೆದಿರಲಿಲ್ಲ. ಅಂದಿನಿಂದ ಆ ಉಗ್ಗಿನ ಮೇಲೆ ಅವರು ಸಾರಿದ ಸಮರ ಸಾಮಾನ್ಯವಾದದ್ದಲ್ಲ. ವೆಂಕಟಗಿರಿಯ ಪುಸ್ತಕಗಳನ್ನೆಲ್ಲ ಕದ್ದು ಓದಿದರು. ಮನೆಯ ಹಿತ್ತಲಲ್ಲಿ ನಿಂತು ಮ ಎಂದು ಸಾವಿರ ವಿಧದಲ್ಲಿ ಹೇಳಿ ನೋಡಿದರು. “ಕರು ಕೂಗ್ದಂಗೆ ಏನ್ರೀ ಅದು?” ಎಂದು ಅಣ್ಣಮ್ಮ ಕಿಟಕಿಯಿಂದ ಕೇಳಿದರು. ಕಂಡುಕೊಂಡದ್ದನ್ನೆಲ್ಲ ಬರೆದರು. ‘ಮೊದಲು ತುಟಿ ಮುಚ್ಚಿ ಸಣ್ಣಗೆ ಗುನುಗಿ. ಗುನುಗು ತಾನಾಗಿ ಬಾಗಿಲು ತೆಗೆಯುತ್ತದೆ. ನಾಳೆ ಆಗದಿದ್ದರೆ ಕೆಮ್ಮಿ, ಪರವಾಗಿಲ್ಲ. ಕೆಮ್ಮಿದಿರೋ ಗುನುಗಿದಿರೋ, ನನಗೆ ಬರೆಯಿರಿ.’

ಕೆಮ್ಮಿದೆ ಎಂದು ಬಂತು. ಮತ್ತೆ ಕೆಮ್ಮಿದೆ ಎಂದು ಬಂತು. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಒಂದು ಮಧ್ಯಾಹ್ನ ಬಂದದ್ದು ಒಂದೇ ಸಾಲು: ‘ಮಕ್ಕಳೇ ಅಂದೆ ಸರ್. ಇಡೀ ಸಾಲಿಗೇ ಕೇಳಿಸ್ತು.’

ಗೂಳಪ್ಪ ಕುರ್ಚಿಯಿಂದ ಎದ್ದು ನಿಂತರು. ಅಲ್ಲಿಂದ ಮುಂದೆ ನಡೆದದ್ದಕ್ಕೆ ಅವರ ಕಾರ್ಖಾನೆಯ ಒಂದು ಪದ್ಧತಿ ಕಾರಣ. ಅಲ್ಲಿ ಮೆಮೋ ಅಂಟಿಸಿದ ಲಕೋಟೆಯಲ್ಲಿ ಹೋಗುತ್ತಿತ್ತು, ಪ್ರಶಂಸಾಪತ್ರ ತೆರೆದ ಹಾಳೆಯಲ್ಲಿ. ಬೈಗುಳ ಒಬ್ಬನಿಗೆ, ಹೊಗಳಿಕೆ ಎಲ್ಲ ವಿಭಾಗಗಳಿಗೆ. ಲೇತ್ ವಿಭಾಗದ ಚಿಕ್ಕಣ್ಣ ಒಮ್ಮೆ ಬೆಂಕಿ ಆರಿಸಿದಾಗ ಅವನ ಪ್ರಶಂಸಾಪತ್ರದ ಪ್ರತಿ ಫೌಂಡ್ರಿಗೆ, ಸ್ಟೋರ್ಸಿಗೆ, ಕೊನೆಗೆ ಕ್ಯಾಂಟೀನಿಗೂ ಹೋಗಿತ್ತು. ಕ್ಯಾಂಟೀನಿನವರು ತಿಂಗಳುಗಟ್ಟಲೆ ಅವನಿಗೆ ಮಾತ್ರ ದೊಡ್ಡ ವಡೆ ಆರಿಸಿ ಹಾಕಿದರು. ಪ್ರತಿ ಹೋಗದ ಹೊಗಳಿಕೆ ಆ ಕಾರ್ಖಾನೆಯಲ್ಲಿ ಹೊಗಳಿಕೆಯೇ ಅಲ್ಲ, ಅದು ಗುಸುಗುಸು. ಈಮೇಲಿನಲ್ಲೂ ಪ್ರತಿ ಕಳಿಸುವ ಜಾಗವೊಂದಿದೆ, ಅದರ ಹೆಸರು ಕಾರ್ಬನ್ ಕಾಪಿ ಎಂದು ವೆಂಕಟಗಿರಿ ತೋರಿಸಿಕೊಟ್ಟ ದಿನ ಗೂಳಪ್ಪನವರಿಗೆ ಪರದೇಶದಲ್ಲಿ ತಮ್ಮೂರಿನ ನೆಂಟ ಸಿಕ್ಕಂತಾಗಿತ್ತು.

ಅವರು ತಮ್ಮ ಜೀವನದ ಅತ್ಯುತ್ತಮ ಕಾಗದ ಬರೆದರು. ‘ದಾನಮ್ಮ ಮೇಡಂ, ಇಷ್ಟು ವರ್ಷ ನೀವು ಕೆಮ್ಮಿನ ಹಿಂದೆ ಒಬ್ಬರೇ ನಿಂತು ಒಂದು ಅಕ್ಷರದ ಜೊತೆ ಕಾದಾಡಿದಿರಿ. ಧೂಳೆಂದು ತುಳಸಿ ತಂದುಕೊಟ್ಟ ಮಕ್ಕಳಿಗೆ ಇಂದು ನೀವು ಆ ಅಕ್ಷರವನ್ನೇ ತಂದುಕೊಟ್ಟಿರಿ. ಇದಕ್ಕಿಂತ ದೊಡ್ಡ ಭಾಷಣವನ್ನು ನಮ್ಮ ಕೇಂದ್ರದಲ್ಲಿ ಯಾರೂ ಮಾಡಿಲ್ಲ.’ ಇನ್ನೂ ಇತ್ತು. ಬರೆದು ಮುಗಿಸಿ, ಕನ್ನಡಕ ಒರೆಸಿಕೊಂಡು, ದಾನಮ್ಮನವರಿಗೆ ಸಲ್ಲಬೇಕಾದ ಗೌರವ ಪೂರ್ತಿ ಸಲ್ಲಲಿ ಎಂದು, ಕೇಂದ್ರದ ಒಬ್ಬೊಬ್ಬ ಕ್ಲೈಂಟಿನ ವಿಳಾಸವನ್ನೂ ಪ್ರತಿಯ ಜಾಗದಲ್ಲಿ ಕೂರಿಸಿದರು. ಯಾರನ್ನೂ ಬಿಡಲಿಲ್ಲ. ಶಿಲ್ಪಾಳನ್ನೂ.

ಕಳಿಸಿದ ಮೇಲೆ ಕೆಳಗಿಳಿದು ಒಂದು ದಿಲ್‌ಪಸಂದ್ ಪೂರ್ತಿ ತಿಂದರು.

ವೆಂಕಟಗಿರಿ ಓದಿ ಕುಣಿದ. “ಬೊಂಬಾಟ್ ಸಾರ್! ಇದನ್ನೇ ಪಾಂಪ್ಲೆಟ್ ಮಾಡ್ಸಣ!” ಕ್ಲೈಂಟುಗಳಿಂದ ಅಭಿನಂದನೆಗಳು ಬಂದು ಬಿದ್ದವು. ಸೂಪರ್ ಮೇಡಂ. ಕಣ್ಣಲ್ಲಿ ನೀರು ಬಂತು ಮೇಡಂ. ನಮ್ಮ ಚಿಕ್ಕಪ್ಪನಿಗೂ ಉಗ್ಗಿದೆ, ನಿಮ್ಮ ನಂಬರ್ ಕೊಡಿ ಮೇಡಂ. ಗೂಳಪ್ಪ ಒಂದೊಂದನ್ನೂ ಸೇನಾಪತಿ ಕಪ್ಪಕಾಣಿಕೆ ಸ್ವೀಕರಿಸುವಂತೆ ಸ್ವೀಕರಿಸಿದರು. ದಾನಮ್ಮನವರಿಂದ ಮಾತ್ರ ಏನೂ ಬರಲಿಲ್ಲ. ಸಂತೋಷದಲ್ಲಿ ಮಾತು ಹೊರಡುತ್ತಿಲ್ಲ, ಪಾಪ ಎಂದುಕೊಂಡರು. ವಾರ ಕಳೆದ ಮೇಲೆ ‘ನಮ್ಮ ಹಿಂದಿನ ಪತ್ರ ತಲುಪಿರಬಹುದೆಂದು ಭಾವಿಸಿ’ ಎಂದು ಒಂದು ಜ್ಞಾಪನವನ್ನೂ ಕಳಿಸಿದರು. ಆ ವಾರ ದಾನಮ್ಮ ಪಾಠಕ್ಕೂ ಬರಲಿಲ್ಲ.

ಹಿಂದಿನ ಕ್ಲಾಸು ತಪ್ಪಿಸಿದ್ದ ಶಿಲ್ಪಾ ಶನಿವಾರ ಬಂದಳು. ಒಳ್ಳೆಯ ಹುಡುಗಿ, ಬಾಯಿ ತುಂಬ ನಗು. “ಸಾರ್, ನಿಮ್ ಮೇಲ್ ನೋಡಿ ಸ್ಟಾಫ್ ರೂಮಲ್ಲಿ ಎಲ್ರೂ ಅತ್ತುಬಿಟ್ವಿ ಗೊತ್ತಾ!”

“ಎಲ್ರೂ ಅಂದ್ರೆ?” ಅಂದರು ಗೂಳಪ್ಪ.

“ನಾನೇ ಪ್ರಿಂಟ್ ತಗೊಂಡು ಹೋಗಿ ಓದಿದೆ ಸಾರ್. ನಮ್ಗೆ ಗೊತ್ತೇ ಇರ್ಲಿಲ್ಲ ನೋಡಿ, ನಾವು ಕೆಮ್ಮು ಕೆಮ್ಮು ಅಂತಿದ್ವಿ. ಈಗ ಎಲ್ರೂ ಅವ್ರಿಗೆ ಎಷ್ಟು ಸಪೋರ್ಟ್ ಮಾಡ್ತಿದೀವಿ ಅಂತೀರಾ! ಅವ್ರು ಮೈಕ್ ಹತ್ರ ಹೋದ್ರೆ ಎಚ್.ಎಂ. ಅವ್ರೇ ಹೇಳ್ತಾರೆ, ನಿಧಾನ ಮೇಡಂ, ಅವಸರ ಇಲ್ಲ ಅಂತ. ಮಕ್ಕಳಿಗೆಲ್ಲ ಸೈಲೆಂಟಾಗಿರಿ ಅಂತ ಸನ್ನೆ ಮಾಡ್ತೀವಿ.”

“ಮಾತಾಡ್ತಿದಾರಾ?”

ಶಿಲ್ಪಾಳ ನಗು ಸ್ವಲ್ಪ ಕೆಳಗಿಳಿಯಿತು. “ಇಲ್ಲ ಸಾರ್. ಎರಡ್ಮೂರು ದಿನ ಬಂದ್ರು, ನಿಂತ್ರು... ಮಾತು ಬರ್ಲೇ ಇಲ್ಲ. ಎಲ್ರೂ ಚಪ್ಪಾಳೆ ಹೊಡೆದ್ವಿ, ಧೈರ್ಯ ಬರ್ಲಿ ಅಂತ. ಆಮೇಲಿಂದ ಮೈಕ್ ಹತ್ರಾನೇ ಬರ್ತಿಲ್ಲ. ಆ ಪೋಸ್ಟಿಗೂ ಬೇಡ ಅಂದ್ರಂತೆ. ಪಾಪ, ಅವ್ರಿಗೆ ಸ್ಟ್ರೆಸ್ ಕೊಡ್ಬಾರ್ದು ಅಂತ ನನ್ನನ್ನೇ ಪ್ರೇಯರ್ ನೋಡ್ಕೊ ಅಂದಿದಾರೆ.”

ವೆಂಕಟಗಿರಿ ಒಳಗಿನಿಂದ “ಕ್ಲಾಸ್ ಶುರು!” ಎಂದು ಕೂಗಿದ. ಶಿಲ್ಪಾ ಹೋದಳು. ಗೂಳಪ್ಪ ತಮ್ಮ ಅತ್ಯುತ್ತಮ ಕಾಗದವನ್ನು ತೆರೆದರು. ಈ ಸಲ ಒಕ್ಕಣೆ ಓದಲಿಲ್ಲ. ಮೇಲ್ಗಡೆ ಸಾಲಾಗಿ ನಿಂತಿದ್ದ ಹೆಸರುಗಳನ್ನು ಓದಿದರು. ಅಂಟಿಸಿ ಕಳಿಸಬೇಕಾದದ್ದನ್ನು ತೆರೆದು ಕಳಿಸಿದ್ದೇನೆ ಎಂಬುದು ಅವರಿಗೆ ಆಗ ಹೊಳೆಯಿತು. ಚಿಕ್ಕಣ್ಣ ಆರಿಸಿದ ಬೆಂಕಿಯನ್ನು ಊರೇ ನೋಡಿತ್ತು. ಈ ಹೆಂಗಸಿನ ಬೆಂಕಿಯನ್ನು ನೋಡಿದ್ದವರು ತಾವೊಬ್ಬರೇ.

ಮನೆಯಲ್ಲಿ ಅಣ್ಣಮ್ಮನಿಗೆ ಹೇಳಿದರು. ಈ ಸಲ ವರದಿಯ ಭಾಷೆ ಇರಲಿಲ್ಲ. ಆಕೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ಕಾಗ್ದ ಬರ್ದು ಕ್ಷಮೆ ಕೇಳ್ತೀನಿ,” ಅಂದರು ಗೂಳಪ್ಪ.

“ಕೈ ಮುಗೀತೀನಿ, ಇನ್ನೊಂದು ಕಾಗ್ದ ಬರೀಬೇಡಿ. ಎದ್ದು ಹೋಗಿ ಮುಖ ಕೊಟ್ಟು ಮಾತಾಡಿ.”

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಗೂಳಪ್ಪ ಶ್ರೀಗಂಧದ ಕಾವಲಿನ ಆ ಗೇಟಿನ ಮುಂದೆ ನಿಂತಿದ್ದರು. ಮಕ್ಕಳ ಪ್ರವಾಹವೆಲ್ಲ ಹರಿದು ಹೋದ ಮೇಲೆ ದಾನಮ್ಮ ಬಂದರು. ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು. ಗೂಳಪ್ಪನವರನ್ನು ಕಂಡು ನಿಂತರು. ಸಿಟ್ಟು ಕಾಣಲಿಲ್ಲ; ಕಂಡಿದ್ದರೆ ಗೂಳಪ್ಪನವರಿಗೆ ಒಂದಿಷ್ಟು ಆಧಾರವಾಗುತ್ತಿತ್ತು.

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಬಂದಿದ್ದ ವಾಕ್ಯಗಳು ಒಂದೂ ಉಳಿದಿರಲಿಲ್ಲ. “ತಪ್ಪಾಯ್ತಮ್ಮ,” ಅಂದರು. “ಗೌರವ ಮಾಡ್ತಿದೀನಿ ಅನ್ಕೊಂಡೆ.”

“ಗೊತ್ತೈತ್ರಿ ಸರ್.”

“ನಮ್ ಫ್ಯಾಕ್ಟ್ರೀಲಿ ಹಂಗೆ ಮಾಡ್ತಿದ್ವಿ. ಎಲ್ರಿಗೂ ಗೊತ್ತಾಗ್ಲಿ ಅಂತ...”

“ಆತಲ್ರಿ. ಎಲ್ಲಾರಿಗೂ ಗೊತ್ತಾತು.” ದಾನಮ್ಮ ಉತ್ತರಪತ್ರಿಕೆಗಳ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದರು. “ಭಾಳ ಛಲೋ ಮಂದಿ ಅದಾರ್ರೀ ಇಲ್ಲಿ. ಯಾರೂ ನಗಲಿಲ್ಲ. ನಕ್ಕಿದ್ರ ತಡಕೋತಿದ್ದೆ. ಎಲ್ಲಾರೂ ನನ್ನ ತುಟಿ ನೋಡ್ಕೋತ ನಿಂದರ್ತಾರ. ಆ ಸಣ್ಣ ಹುಡುಗರು ಸೈತ ಉಸಿರು ಬಿಗಿ ಹಿಡದು ನಿಂದರ್ತಾವ. ನಾ ಹೆಂಗ ಬಾಯಿ ತೆಗಿಲ್ರಿ?”

“ನಾನು ಎಲ್ರಿಗೂ ಇನ್ನೊಂದು ಮೇಲ್ ಹಾಕ್ಲಾ? ದಯವಿಟ್ಟು ಯಾರೂ ಇದ್ರ ಬಗ್ಗೆ...”

ದಾನಮ್ಮ ಒಮ್ಮೆಗೇ ನಕ್ಕುಬಿಟ್ಟರು. ಗೂಳಪ್ಪನವರಿಗೂ ತಾವು ಹೇಳಿದ್ದು ಕೇಳಿಸಿತು. ಅರ್ಧಕ್ಕೇ ನಿಲ್ಲಿಸಿದರು.

“ಕಾಗದ ಮಾತ್ರ ಚಂದ ಇತ್ರಿ ಸರ್,” ಅಂದರು ದಾನಮ್ಮ. “ಓದಿ ಭಾಳ ಹಿಗ್ಗಿದೆ. ನಮ್ಮನ್ಯಾಗ ಇವತ್ತರ ಹೇಳಬೇಕು, ಯಜಮಾನರಿಗೆ ಇದನ್ನಽ ತೋರಸಬೇಕು ಅಂತ ಮಾಡಿದ್ದೆ. ಆಮ್ಯಾಲೆ ಮ್ಯಾಲಿನ ಹೆಸರು ನೋಡಿದೆ.”

“ಮನೇಲಿ ಹೇಳಿದ್ರಾ?”

“ಅವರಿಗೆ ಶಿಲ್ಪಾ ಫೋನ್ ಮಾಡಿ ಹೇಳಿದ್ಲ್ರಿ. ನಾ ಹೇಳಬೇಕಂದಿದ್ದೆ.”

ಗೇಟಿನ ವಾಚ್‌ಮನ್ ಬೀಗ ಹಾಕಲು ಬಂದು ಇಬ್ಬರನ್ನೂ ನೋಡಿ ದೂರ ಹೋಗಿ ಕೂತ. ಗೂಳಪ್ಪ ಕೊನೆಯದಾಗಿ ಕೇಳಿದರು: “ಮತ್ತೆ ಬರ್ತೀರಾಮ್ಮ? ವೆಂಕಟಗಿರಿ ಹತ್ರ ಕಲೀರಿ. ನಾನು ಬರೆಯಲ್ಲ. ನಾನು ಇರೋ ಹೊತ್ತಲ್ಲಿ ಬರೋದೇ ಬೇಡ.”

ದಾನಮ್ಮ ಏನೋ ಹೇಳಲು ಬಾಯಿ ತೆರೆದರು. ತುಟಿಗಳು ಕೂಡಿಕೊಂಡವು, ಅಲ್ಲೇ ನಿಂತವು. ಗೂಳಪ್ಪ ಅಷ್ಟರಲ್ಲೇ ದೃಷ್ಟಿಯನ್ನು ಬೇರೆ ಕಡೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಶಾಲೆಯವರೆಲ್ಲ ನೋಡುವ ಹಾಗೆಯೇ ಅವರೂ ಆಕೆಯ ತುಟಿಯನ್ನು ನೋಡಿದರು. ದಾನಮ್ಮ ಮುಖ ಪಕ್ಕಕ್ಕೆ ಮಾಡಿ ಕೆಮ್ಮಿದರು. ಕೈ ಬೀಸಿ, ಇಲ್ಲವೆಂಬಂತೆ ತಲೆಯಾಡಿಸಿ, ಆಟೋ ನಿಂತಿದ್ದ ಕಡೆಗೆ ನಡೆದುಹೋದರು.

ಗೂಳಪ್ಪ ಆ ಕೆಲಸವನ್ನು ಬಿಡಲಿಲ್ಲ. ಬಿಡುವುದು ನಾಟಕವಾಗುತ್ತದೆ ಎಂದು ಅಣ್ಣಮ್ಮ ಹೇಳಿದ್ದರು. ಬೇಕರಿಯ ಮೇಲೆ ವೆಂಕಟಗಿರಿಯ ಅರಮನೆ ಇರುವಷ್ಟು ಕಾಲ ಇವರೂ ಇದ್ದರು. ಪ್ರತಿಯ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಆದರೆ ಕಾಗದಗಳಲ್ಲಿ ಏನೋ ಬತ್ತಿಹೋಗಿತ್ತು. ಸ್ಕೂಟರ್ ರಿಪೇರಿಯಾಯಿತೇ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಜನ ಉತ್ತರಿಸುತ್ತಾರೆ, ಉತ್ತರಿಸುತ್ತ ಉತ್ತರಿಸುತ್ತ ಏನಾದರೊಂದನ್ನು ಕೈಗೆ ಕೊಟ್ಟುಬಿಡುತ್ತಾರೆ ಎಂಬ ಭಯ.

“ಏನ್ ಸಾರ್, ಟೈ ಒಂದೇ ಉಳ್ಕೊಂಡಿದೆ,” ಅಂದ ವೆಂಕಟಗಿರಿ ಒಮ್ಮೆ. “ಊಟ ಎಲ್ಲಿ?”

ಗೂಳಪ್ಪ ನಕ್ಕು ಕೀಲಿಮಣೆಯ ಕಡೆ ತಿರುಗಿದರು.

ಮಾರನೆಯ ವರ್ಷ ದಿವ್ಯ ಎಂಬ ಹೊಸ ಕ್ಲೈಂಟ್ ಸೇರಿದಳು. ಕಾಮಾಕ್ಷಿಪಾಳ್ಯದ ಹುಡುಗಿ, ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಒಂದು ದಿನ ಉದ್ದನೆಯ ಮೇಲು ಕಳಿಸಿದಳು. ಕೂಗಾಡುವ ಒಬ್ಬ ಡಾಕ್ಟರಿಗೆ ಮೊದಲ ಸಲ ಎದುರು ನಿಂತು, ಕಣ್ಣೀರು ಹಾಕದೆ, ಹೇಳಬೇಕಾದ್ದನ್ನು ಹೇಳಿಬಂದಿದ್ದಳಂತೆ. ಮೊದಲು ಯಾರಿಗೆ ಹೇಳಬೇಕೋ ಗೊತ್ತಾಗದೆ ನಿಮಗೆ ಬರೆಯುತ್ತಿದ್ದೇನೆ ಸಾರ್ ಎಂದಿದ್ದಳು.

ಗೂಳಪ್ಪ ಕಣ್ಣು ಮುಚ್ಚಿದರು. ಹುಡುಗಿ ಎದುರಿಗೆ ಬಂದು ನಿಂತಳು, ಕೈಯಲ್ಲಿ ಊಟದ ಡಬ್ಬಿ, ಮುಖದಲ್ಲಿ ಬೆವರು, ಗೆಲುವು. ಬೆರಳುಗಳು ತಾವಾಗಿ ಓಡಿದವು. ಅರ್ಧ ಪುಟ ಆಯಿತು, ಪುಟ ತುಂಬಿತು. ಹಳೆಯ ಗೂಳಪ್ಪ ಪೂರ್ತಿ ವಾಪಸು ಬಂದು ಕೂತಿದ್ದರು. ಮೇಲಿನಿಂದ ಕೆಳಗೆ ಒಮ್ಮೆ ಓದಿದರು. ಹೆಸರುಗಳ ಜಾಗದಲ್ಲಿ ದಿವ್ಯಳೊಬ್ಬಳೇ ಇದ್ದಳು. ಮತ್ತೆ ನೋಡಿದರು, ಒಬ್ಬಳೇ. ಆದರೂ ಕಳಿಸಲು ಕೈ ಬರಲಿಲ್ಲ. ಒಂದೊಂದೇ ಸಾಲು ಅಳಿಸುತ್ತ ಮೇಲಕ್ಕೆ ಹೋದರು. ಉಳಿದದ್ದನ್ನು ಕಳಿಸಿದರು: ‘ತಮ್ಮ ಪತ್ರ ತಲುಪಿದೆ. ಮುಂದಿನ ತರಗತಿ ಶನಿವಾರ.’

ಸಂಜೆಯ ಹೊತ್ತಿಗೆ ಉತ್ತರ ಬಂತು. ‘ಓಕೆ ಸಾರ್.’

ಗೂಳಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ಕಂಪ್ಯೂಟರಿಗೆ ಮುಸುಕು ಹೊದಿಸಿ, ಮೆಟ್ಟಿಲಿಳಿದು, ಸುಂಕದಕಟ್ಟೆಯ ಬಸ್ಸಿಗೆ ಕಾಯಲು ಹೋದರು.